ಕೇರಳ ಮುಂದೆ, ನಾವು ಹಿಂದೆ: ಈ ಪಟ್ಟಿಯ ಲೆಕ್ಕವೇ ತಪ್ಪು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮಲ್ಲಿ ತಪ್ಪದೆ ಒಂದು ಶಾಸ್ತ್ರ ನಡೆಯುತ್ತದೆ. ಸುದ್ದಿಗೋಷ್ಠಿಯ ಮೊದಲ ಹತ್ತು ನಿಮಿಷದಲ್ಲೇ ಯಾವ ಜಿಲ್ಲೆ ಮೊದಲು, ಯಾವುದು ಕೊನೆ ಎಂಬುದು ಇತ್ಯರ್ಥವಾಗುತ್ತದೆ. ಮಧ್ಯಾಹ್ನಕ್ಕೆ ಕರಾವಳಿಯ ಶಾಲೆಯೊಂದರಲ್ಲಿ ಸಿಹಿ ಹಂಚುವ ದೃಶ್ಯ ಟಿ.ವಿ.ಯಲ್ಲಿ ಬರುತ್ತದೆ. ಸಂಜೆಯ ಹೊತ್ತಿಗೆ ಕಲ್ಯಾಣ ಕರ್ನಾಟಕದ ಅಧಿಕಾರಿಗಳಿಂದ ವಿವರಣೆ ಕೇಳಲಾಗಿದೆ ಎಂಬ ಸುದ್ದಿ. ಅದಾಗಿ ವಾರದೊಳಗೆ ಕೇರಳದ ಫಲಿತಾಂಶವೂ ಬಂದರೆ ಶಾಸ್ತ್ರ ಪೂರ್ತಿಯಾದಂತೆ. 2025ರಲ್ಲಿ ಹಾಗೆಯೇ ಆಯಿತು. ಮೇ 2ರಂದು ಕರ್ನಾಟಕಕ್ಕೆ ಶೇ 62.34, ಮೇ 9ರಂದು ಕೇರಳಕ್ಕೆ ಶೇ 99.5. ಆಮೇಲೆ ಎಲ್ಲೆಲ್ಲೂ ಒಂದೇ ಪ್ರಶ್ನೆ: ಅವರಿಗೆ ಆಗುವುದು ನಮಗೇಕೆ ಆಗದು?

ಕೇಳಲು ನ್ಯಾಯವಾಗಿಯೇ ಇದೆ. ರಾಜ್ಯಗಳನ್ನು ಸಾಲಾಗಿ ನಿಲ್ಲಿಸಿ ಅಂಕ ಹಾಕಬೇಕು, ಮುಂದಿನವರು ಮಾಡಿದ್ದನ್ನು ಹಿಂದಿನವರು ಮಾಡಬೇಕು ಎಂಬ ಮಾತಿಗೆ ಈಗ ಎದುರಾಡುವವರೇ ಇಲ್ಲ. ನೀತಿ ಆಯೋಗ ಇದನ್ನು ಸೂಚ್ಯಂಕ ಎನ್ನುತ್ತದೆ, ಕೇಂದ್ರ ಶಿಕ್ಷಣ ಸಚಿವಾಲಯ ಗ್ರೇಡಿಂಗ್ ಎನ್ನುತ್ತದೆ, ಟಿ.ವಿ. ಆಂಕರ್ 'ಮಾಡೆಲ್' ಎನ್ನುತ್ತಾರೆ. ಸರ್ಕಾರಿ ಶಾಲೆ ಉಳಿಯಲಿ ಎಂದು ಮನಸಾರೆ ಬಯಸುವವರೂ ಇದನ್ನೇ ಹೇಳುತ್ತಾರೆ. ಅವರ ಕಾಳಜಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಈ ಪಟ್ಟಿಯಿಂದ ಇದುವರೆಗೆ ಶಾಲೆಗಳಿಗೆ ಒಳ್ಳೆಯದಾಗಿದ್ದಕ್ಕಿಂತ, ಶಾಲೆಗಳನ್ನು ಈ ಗತಿಗೆ ತಂದವರು ನುಣುಚಿಕೊಳ್ಳಲು ದಾರಿಯಾಗಿದ್ದೇ ಹೆಚ್ಚು.

ಕೇರಳದ ಜೊತೆ ಹೋಲಿಸುವುದು ಆಮೇಲಿನ ಮಾತು. ಕರ್ನಾಟಕವನ್ನು ಕರ್ನಾಟಕದ ಜೊತೆಗೇ ಹೋಲಿಸಲು ಆಗುತ್ತದೆಯೇ ನೋಡೋಣ. ಎಸ್ಸೆಸ್ಸೆಲ್ಸಿ ತೇರ್ಗಡೆ 2022ರಲ್ಲಿ ಶೇ 85.63, 2023ರಲ್ಲಿ ಶೇ 83.89, 2024ರಲ್ಲಿ ಶೇ 73.40, 2025ರಲ್ಲಿ ಶೇ 62.34. ಅದಕ್ಕೂ ಹಿಂದೆ, ಕೊರೊನಾ ಕಾಲದ 2021ರಲ್ಲಿ, ಹೆಚ್ಚುಕಡಿಮೆ ಎಲ್ಲರೂ ಪಾಸು. ಈ ಅಂಕಿಗಳನ್ನು ನಂಬುವುದಾದರೆ ನಾಲ್ಕೇ ವರ್ಷದಲ್ಲಿ ನಮ್ಮ ಮಕ್ಕಳ ವಿದ್ಯೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕರಗಿಹೋಗಿದೆ. ಹಾಗೆ ಯಾರೂ ನಂಬುವುದಿಲ್ಲ, ಇಲಾಖೆಯೂ ನಂಬುವುದಿಲ್ಲ. ಕರಗಿದ್ದು ವಿದ್ಯೆಯಲ್ಲ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಫಲಿತಾಂಶ ತೀರಾ ಕುಸಿದದ್ದನ್ನು ಕಂಡು ಕೃಪಾಂಕದ ಮಿತಿಯನ್ನು ಶೇ 10ರಿಂದ 20ಕ್ಕೆ ಏರಿಸಿ ಹೇಗೋ 73 ಮುಟ್ಟಿಸಿದರು. ಮುಖ್ಯಮಂತ್ರಿಗಳೇ ಇದನ್ನು ಪ್ರಶ್ನಿಸಿದ ಮೇಲೆ ಮರುವರ್ಷ ಆ ಕೃಪಾಂಕವೂ ಹೋಯಿತು, ಅಂಕಿ 62ಕ್ಕೆ ಬಂದು ನಿಂತಿತು. ಆ ಕಾಲದಲ್ಲಿ ಪಾಠ ಬದಲಾಗಲಿಲ್ಲ, ಮೇಷ್ಟ್ರು ಬದಲಾಗಲಿಲ್ಲ, ಮಕ್ಕಳ ಮನೆ ಬದಲಾಗಲಿಲ್ಲ.

ಜಿಲ್ಲೆಗಳ ರ‍್ಯಾಂಕ್ ಕಥೆ ಇನ್ನೂ ಸ್ವಾರಸ್ಯ. 2023ರಲ್ಲಿ ರಾಜ್ಯಕ್ಕೇ ಮೊದಲ ಸ್ಥಾನ ಚಿತ್ರದುರ್ಗಕ್ಕೆ, ಶೇ 96.80. ಎರಡನೆಯದು ಮಂಡ್ಯ. ಉಡುಪಿ, ದಕ್ಷಿಣ ಕನ್ನಡ ಆ ವರ್ಷ ಮೊದಲ ಹತ್ತರಲ್ಲೂ ಇರಲಿಲ್ಲ. 'ಕರಾವಳಿ ಏಕೆ ಜಾರಿತು' ಎಂದು ಆಗ ಲೇಖನಗಳು ಬಂದವು, 'ಚಿತ್ರದುರ್ಗದ ಯಶೋಗಾಥೆ'ಯೂ ಬಂತು. ಒಂದೇ ವರ್ಷ. 2024ರಲ್ಲಿ ಕ್ಯಾಮೆರಾ ಬಂದ ಮೇಲೆ ಚಿತ್ರದುರ್ಗ 21ನೇ ಸ್ಥಾನಕ್ಕೆ ಇಳಿಯಿತು, ಮಂಡ್ಯ 19ಕ್ಕೆ. ಉಡುಪಿ, ದಕ್ಷಿಣ ಕನ್ನಡ ಮತ್ತೆ ಒಂದು, ಎರಡು. ಯಾದಗಿರಿ 75.49ರಿಂದ 50.59ಕ್ಕೆ ಬಿತ್ತು. ಹಿಂದಿನ ವರ್ಷ ಚಿತ್ರದುರ್ಗಕ್ಕೆ ಹೋಗಿ ಅಲ್ಲಿನ 'ವಿನೂತನ ಕ್ರಮ'ಗಳನ್ನು ಬರೆದುಕೊಂಡು ಬಂದ ಜಿಲ್ಲೆಗಳು ಆಮೇಲೆ ಆ ಟಿಪ್ಪಣಿಗಳನ್ನು ಏನು ಮಾಡಿದವೋ! ಚಿತ್ರದುರ್ಗದ ಶಿಕ್ಷಕರನ್ನು ಆಡಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಒಂದೇ ರಾಜ್ಯ, ಒಂದೇ ಮಂಡಳಿ, ಒಂದೇ ಪ್ರಶ್ನೆಪತ್ರಿಕೆ ಇದ್ದಾಗಲೂ ಒಂದು ಕ್ಯಾಮೆರಾ ಇಡೀ ಪಟ್ಟಿಯನ್ನು ತಲೆಕೆಳಗು ಮಾಡಬಲ್ಲದು ಎಂದಾದರೆ, ಬೇರೆ ರಾಜ್ಯದ ಬೇರೆ ಮಂಡಳಿಯ ಬೇರೆ ಪರೀಕ್ಷೆಯ ಶೇಕಡಾವಾರನ್ನು ನಮ್ಮದರ ಪಕ್ಕದಲ್ಲಿಟ್ಟು ಏನನ್ನು ತಿಳಿಯಲು ಹೊರಟಿದ್ದೇವೆ?

ಮಂಗಳೂರಿನಿಂದ ಕಾಸರಗೋಡಿಗೆ ಹೋಗುವ ದಾರಿಯಲ್ಲಿ ತಲಪಾಡಿ ಸಿಗುತ್ತದೆ. ಗಡಿಯ ಆಚೆ ಮಂಜೇಶ್ವರ. 1956ರವರೆಗೆ ಎರಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಇಂದಿಗೂ ಆಚೆ ಕನ್ನಡ ಮಾಧ್ಯಮದ ಶಾಲೆಗಳಿವೆ. ಮನೆಮಾತು ತುಳು, ಬ್ಯಾರಿ, ಕೊಂಕಣಿ, ಕನ್ನಡ. ಅಣ್ಣನ ಮನೆ ಈಚೆ, ತಂಗಿಯನ್ನು ಕೊಟ್ಟದ್ದು ಆಚೆ, ಕೆಲಸಕ್ಕೆ ಇಬ್ಬರ ಮನೆಯವರೂ ಬರುವುದು ಮಂಗಳೂರಿಗೆ. 2025ರಲ್ಲಿ ಈಚಿನ ಮಕ್ಕಳ ತೇರ್ಗಡೆ ಶೇ 91.12, ಅದೂ ಕರ್ನಾಟಕಕ್ಕೇ ಪ್ರಥಮ. ಆಚೆ, ಇಡೀ ಕೇರಳದಲ್ಲಿ ಯಾವ ಜಿಲ್ಲೆಯೂ 98ಕ್ಕಿಂತ ಕೆಳಗಿಲ್ಲ. ತಲಪಾಡಿ ದಾಟಿದ ಮಾತ್ರಕ್ಕೆ ತಂಗಿಯ ಮಗ ಅಣ್ಣನ ಮಗನಿಗಿಂತ ಜಾಣನಾಗುತ್ತಾನೆಯೇ? ಗಡಿಯಲ್ಲಿ ಬದಲಾಗುವುದು ಅಂಕ ಕೊಡುವ ಮಂಡಳಿ, ಅಷ್ಟೆ.

ಕೇರಳದ ಅಂಕಪಟ್ಟಿಯಲ್ಲಿ ಶಾಲೆಯೇ ಕೊಡುವ ನಿರಂತರ ಮೌಲ್ಯಮಾಪನದ ಅಂಕಗಳಿಗೆ ದೊಡ್ಡ ಪಾಲಿದೆ, ಅವುಗಳನ್ನು ಕೈಬಿಚ್ಚಿ ಕೊಡುವುದು ಅಲ್ಲಿ ರೂಢಿ. ಅಕ್ಷರ ಕೂಡಿಸಿ ಓದಲು ಬಾರದ, ತನ್ನ ಹೆಸರನ್ನು ಸರಿಯಾಗಿ ಬರೆಯಲು ಬಾರದ ಮಕ್ಕಳಿಗೂ 'ಎ ಪ್ಲಸ್' ಸಿಗುತ್ತಿದೆ ಎಂದು 2023ರ ಕೊನೆಯಲ್ಲಿ ಆ ರಾಜ್ಯದ ಸಾರ್ವಜನಿಕ ಶಿಕ್ಷಣ ನಿರ್ದೇಶಕರೇ ಒಳಗಿನ ಸಭೆಯೊಂದರಲ್ಲಿ ಹೇಳಿದ್ದು ಹೊರಬಿದ್ದು ದೊಡ್ಡ ಗದ್ದಲವಾಯಿತು. ಅದು ಸರ್ಕಾರದ ಅಭಿಪ್ರಾಯವಲ್ಲ ಎಂದು ಶಿಕ್ಷಣ ಸಚಿವರು ತಳ್ಳಿಹಾಕಿದರು. ಆದರೆ ಅದೇ ಸರ್ಕಾರ ಮರುವರ್ಷ, ಲಿಖಿತ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೂ ಕನಿಷ್ಠ ಶೇ 30 ಅಂಕ ಬರಲೇಬೇಕೆಂಬ ನಿಯಮವನ್ನು 8ನೇ ತರಗತಿಯಿಂದ ಶುರುಮಾಡಿ ವರ್ಷಕ್ಕೊಂದು ತರಗತಿಯಂತೆ ಮೇಲಕ್ಕೆ ಒಯ್ಯಲು ತೀರ್ಮಾನಿಸಿತು. ಕೇರಳಕ್ಕೇ ತನ್ನ 99ರ ಮೇಲೆ ನಂಬಿಕೆ ಇಲ್ಲ, ನಮಗೆ ಇದೆ. ಹಳೆಯ ಸಂತೆಗಳಲ್ಲಿ ಒಬ್ಬೊಬ್ಬ ವ್ಯಾಪಾರಿಯೂ ತನ್ನದೇ ಸೇರು ಇಟ್ಟುಕೊಂಡಿರುತ್ತಿದ್ದ. ಹತ್ತು ಸೇರು ಕೊಟ್ಟವನು ಒಂಬತ್ತು ಸೇರು ಕೊಟ್ಟವನಿಗಿಂತ ಧಾರಾಳಿ ಎಂದು ಆಗ ಯಾರೂ ಹೇಳುತ್ತಿರಲಿಲ್ಲ, ಮೊದಲು ಸೇರನ್ನು ತಿರುಗಿಸಿ ತಳ ನೋಡುತ್ತಿದ್ದರು.

'ಆಯಿತು, ಮಂಡಳಿ ಪರೀಕ್ಷೆ ಬಿಡಿ, ಇಡೀ ದೇಶಕ್ಕೆ ಒಂದೇ ಅಳತೆಗೋಲು ಇದೆಯಲ್ಲ' ಎನ್ನುವವರು ಇದ್ದಾರೆ. ಕೇಂದ್ರ ಸಚಿವಾಲಯದ ಪಿಜಿಐ ಎಂಬ ಸಾಧನಾ ಶ್ರೇಣಿ 2017-18ರ ಸಾಲಿನಿಂದ ಇದೆ. ಪ್ರತಿ ರಾಜ್ಯಕ್ಕೂ 1000 ಅಂಕ, ಆರಂಭದಲ್ಲಿ 70 ಸೂಚಕಗಳು. ಈ ಸಾವಿರ ಹಂಚಿಕೆಯಾದ ಬಗೆಯನ್ನು ಪಟ್ಟಿಯನ್ನು ಹೊಗಳುವವರು ಓದಿದಂತಿಲ್ಲ. 2020-21ರ ಸಾಲಿನವರೆಗೆ ಮಕ್ಕಳ ಕಲಿಕೆ ಮತ್ತು ಗುಣಮಟ್ಟಕ್ಕೆ ಇದ್ದದ್ದು 180. ಶಾಲೆಯ ಲಭ್ಯತೆಗೆ 80, ಕಟ್ಟಡ-ಸೌಲಭ್ಯಕ್ಕೆ 150, ಸಮಾನತೆಗೆ 230. ಆಡಳಿತ ಪ್ರಕ್ರಿಯೆಗೆ 360. ಅಂದರೆ ಮಗು ಓದಲು ಕಲಿತದ್ದಕ್ಕೆ ಎಷ್ಟು ಬೆಲೆಯಿತ್ತೋ, ಆಡಳಿತದ ಕಡತ ನೆಟ್ಟಗಿರುವುದಕ್ಕೆ ಅದರ ಎರಡು ಪಟ್ಟಿತ್ತು. ಮಕ್ಕಳ ಗುರುತಿನ ಸಂಖ್ಯೆಯನ್ನು ಪೋರ್ಟಲ್‌ಗೆ ಜೋಡಿಸಿದ್ದೀರಾ, ಶಿಕ್ಷಕರ ಹಾಜರಾತಿ ಡಿಜಿಟಲ್ ಆಗಿದೆಯೇ, ಇಂಥವೂ ಅಲ್ಲಿ ಅಂಕ ತರುತ್ತಿದ್ದವು. ಅನುದಾನ ಎಷ್ಟು ದಿನಕ್ಕೆ ಬಿಡುಗಡೆಯಾಯಿತು ಎಂಬ ಒಳ್ಳೆಯ ಸೂಚಕವೂ ಅದರಲ್ಲಿತ್ತು ಎನ್ನಬೇಕು. ಆದರೆ ಕಂಪ್ಯೂಟರ್ ಮುಂದೆ ಚುರುಕಾಗಿ ಕೂರುವ ರಾಜ್ಯ ಮೇಲೇರಲು ಈ ಅಂಕಗಳೇ ಸಾಕಾಗುತ್ತಿದ್ದವು. 2021ರಲ್ಲಿ ಪಂಜಾಬ್ ಈ ಪಟ್ಟಿಯ ಮೇಲ್ತುದಿಗೆ ಬಂದಾಗ ಅಮರಿಂದರ್ ಸಿಂಗ್ ಸರ್ಕಾರ ಬೀಗಿತು, ದೆಹಲಿಯ ಆಮ್ ಆದ್ಮಿ ಸರ್ಕಾರ ಇದು ಕೇಂದ್ರದ ಜೊತೆಗಿನ ಒಳಒಪ್ಪಂದ ಎಂದಿತು. ಪಂಜಾಬಿನ ಹಳ್ಳಿಶಾಲೆಯಲ್ಲಿ ಏನು ಬದಲಾಗಿದೆ ಎಂದು ನೋಡಿ ಬರುವ ಉಸಾಬರಿಗೆ ಇಬ್ಬರೂ ಹೋಗಲಿಲ್ಲ.

ಆ 180 ಅಂಕವಾದರೂ ಗಟ್ಟಿಯೇ? ಅದು ನಿಂತಿದ್ದು ಎನ್‌ಎಎಸ್ ಎಂಬ ರಾಷ್ಟ್ರೀಯ ಸಾಧನಾ ಸಮೀಕ್ಷೆಯ ಮೇಲೆ. 2017ರ ನವೆಂಬರ್‌ನಲ್ಲಿ ನಡೆದ ಆ ಸಮೀಕ್ಷೆಯಲ್ಲಿ ಕರ್ನಾಟಕ ದೇಶದ ಮುಂಚೂಣಿಯಲ್ಲಿತ್ತು. ನಾವು ಯಾರೂ ಆಗ ಪಟ್ಟಿಯ ಬಗ್ಗೆ ತಕರಾರು ತೆಗೆಯಲಿಲ್ಲ, ನೆನಪಿರಲಿ. ರಾಜಸ್ಥಾನವೂ ಮೇಲೆಯೇ ಇತ್ತು. ಡೌಗ್ ಜಾನ್ಸನ್ ಮತ್ತು ಆಂಡ್ರೆಸ್ ಪರಾಡೊ ಎಂಬ ಸಂಶೋಧಕರು ಈ ಅಂಕಗಳನ್ನು, ಮನೆಮನೆಗೆ ಹೋಗಿ ಮಕ್ಕಳಿಂದ ಓದಿಸುವ ಅಸರ್ ಸಮೀಕ್ಷೆಯ ಜೊತೆ ಇಟ್ಟು ನೋಡಿ 2021ರಲ್ಲಿ ಪ್ರಕಟಿಸಿದರು. ಎರಡರ ರಾಜ್ಯವಾರು ರ‍್ಯಾಂಕ್‌ಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲವೆನ್ನುವಷ್ಟು ಕಡಿಮೆ ಇತ್ತು. ಸರ್ಕಾರಿ ಯಂತ್ರವೇ ಪರೀಕ್ಷೆ ನಡೆಸಿ ಸರ್ಕಾರಕ್ಕೇ ರ‍್ಯಾಂಕ್ ಕೊಟ್ಟರೆ ಇನ್ನೇನಾದೀತು!

ಹಾಗೆಂದು ಅಸರ್‌ನಿಂದಲೂ ಒಂದು ಪಟ್ಟಿ ಮಾಡಿ ತೃಪ್ತರಾಗಲು ಬರುವುದಿಲ್ಲ. 2022ರ ಅಸರ್ ಪ್ರಕಾರ ತಮಿಳುನಾಡಿನ ಗ್ರಾಮೀಣ ಭಾಗದಲ್ಲಿ 3ನೇ ತರಗತಿಯ ನೂರು ಮಕ್ಕಳಲ್ಲಿ 2ನೇ ತರಗತಿಯ ಪಾಠ ಓದಬಲ್ಲವರು ಐದು ಮಂದಿಯೂ ಇರಲಿಲ್ಲ. ಅದೇ ಹೊತ್ತಿನ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ, ಕಾಲೇಜು ಸೇರುವ ಯುವಜನರ ಪ್ರಮಾಣ ದೇಶಕ್ಕೆ ಶೇ 28.4 ಇದ್ದರೆ ತಮಿಳುನಾಡಿಗೆ 47. ಈಗ ಹೇಳಿ, ತಮಿಳುನಾಡು ಮಾದರಿಯೋ, ಎಚ್ಚರಿಕೆಯೋ? ಎರಡೂ ಅಂಕಿ ನಿಜ. 3ನೇ ತರಗತಿಯಲ್ಲಿ ಓದು ಹಿಂದುಳಿದ ಮಗುವನ್ನೂ ಶಾಲೆಯಿಂದ ಹೊರಗೆ ಹಾಕದೆ ಹದಿನೆಂಟರವರೆಗೆ ಹಿಡಿದಿಟ್ಟುಕೊಳ್ಳುವ ಒಂದು ಸಾಮರ್ಥ್ಯ ಆ ಸಮಾಜಕ್ಕಿದೆ, ಓದು ಕಲಿಸುವುದರಲ್ಲಿ ಒಂದು ದೌರ್ಬಲ್ಯವೂ ಇದೆ. ಇದನ್ನು ಒಂದು ರ‍್ಯಾಂಕ್ ಹೇಗೆ ಹೇಳಬಲ್ಲದು? ಇನ್ನು 2009ರ ಸುತ್ತಿನ ಅಂತಾರಾಷ್ಟ್ರೀಯ ಪೀಸಾ ಪರೀಕ್ಷೆಗೆ ಭಾರತ ಕಳಿಸಿದ್ದು ತನ್ನ 'ಮಾದರಿ' ರಾಜ್ಯಗಳಾದ ಹಿಮಾಚಲ ಪ್ರದೇಶ ಮತ್ತು ತಮಿಳುನಾಡನ್ನು. 74 ದೇಶ-ಪ್ರದೇಶಗಳ ಪೈಕಿ ಕೊನೆಯ ಸ್ಥಾನಗಳನ್ನು ಅವೆರಡೂ ಕಿರ್ಗಿಸ್ತಾನದ ಜೊತೆ ಹಂಚಿಕೊಂಡವು. ಪ್ರಶ್ನೆಗಳು ನಮ್ಮ ಸಂಸ್ಕೃತಿಗೆ ಹೊಂದುವುದಿಲ್ಲ ಎಂದು ದೂರಿ ಭಾರತ ಆ ಪರೀಕ್ಷೆಯಿಂದಲೇ ಹೊರಬಂತು. ನಮ್ಮ ನಮ್ಮಲ್ಲಿ ರ‍್ಯಾಂಕ್ ಹಚ್ಚಿಕೊಳ್ಳುವ ಹುರುಪು ಮಾತ್ರ ಕುಂದಿಲ್ಲ.

ಪಟ್ಟಿಯಿಂದ ಹುಟ್ಟುವುದು 'ಮಾಡೆಲ್'. ದೆಹಲಿ ಮಾಡೆಲ್ ಬಗ್ಗೆ ಹತ್ತು ವರ್ಷ ಕೇಳಿದ್ದೇವೆ. ಕಟ್ಟಡ, ಪ್ರಾಂಶುಪಾಲರಿಗೆ ಅಧಿಕಾರ, ಓದು-ಲೆಕ್ಕದ ಬುನಾದಿ ಗಟ್ಟಿಮಾಡುವ 2018ರ 'ಮಿಷನ್ ಬುನಿಯಾದ್' ಇವೆಲ್ಲ ಮೆಚ್ಚಬೇಕಾದವೇ. ಆದರೆ ದೆಹಲಿಯಲ್ಲಿ 5ನೇ ತರಗತಿವರೆಗಿನ ಸರ್ಕಾರಿ ಶಾಲೆಗಳಲ್ಲಿ ಬಹುಪಾಲು ನಡೆಸುವುದು ಮಹಾನಗರ ಪಾಲಿಕೆ, ರಾಜ್ಯ ಸರ್ಕಾರವಲ್ಲ. ಬಜೆಟ್‌ನಲ್ಲಿ ಕಾಲು ಭಾಗ ಶಿಕ್ಷಣಕ್ಕೆ ಎಂದು ನಮ್ಮನ್ನು ನಾಚಿಸುತ್ತಿದ್ದರು. ದೆಹಲಿ ಸರ್ಕಾರಕ್ಕೆ ಪೊಲೀಸ್ ಖರ್ಚಿಲ್ಲ, ಅಣೆಕಟ್ಟು-ಕಾಲುವೆಗಳಿಲ್ಲ, ರೈತರ ಪಂಪ್‌ಸೆಟ್‌ಗೆ ವಿದ್ಯುತ್ ಸಬ್ಸಿಡಿಯ ನಮ್ಮಂಥ ಹೊರೆ ಇಲ್ಲ. ಅಸರ್ ಹಳ್ಳಿಗಳ ಸಮೀಕ್ಷೆಯಾದ್ದರಿಂದ ದೆಹಲಿ ಅದರಲ್ಲಿ ಬರುವುದೇ ಇಲ್ಲ. 9ನೇ ತರಗತಿಯಲ್ಲಿ ನಪಾಸಾದ ಅನೇಕರನ್ನು ಪತ್ರಾಚಾರ ಎಂಬ ಅಂಚೆ ಶಿಕ್ಷಣಕ್ಕೆ, ಮುಕ್ತ ಶಾಲೆಗೆ ಸಾಗಹಾಕಿದ ಮೇಲೆ ಉಳಿದವರ 12ನೇ ತರಗತಿಯ ಶೇಕಡಾವಾರು ಹೊಳೆಯದೆ ಇದ್ದೀತೇ?

ಪಕ್ಕದ ಆಂಧ್ರವನ್ನು ನೋಡಿ. 2019ರಲ್ಲಿ ಇಂಗ್ಲಿಷ್ ಮಾಧ್ಯಮ ಕಡ್ಡಾಯದ ಆದೇಶ. 2020ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಆಮೇಲೆ ಸಾವಿರ ಸರ್ಕಾರಿ ಶಾಲೆಗಳು ಸಿಬಿಎಸ್‌ಇಗೆ ಸೇರಿದವು. 2024ರಲ್ಲಿ ಸರ್ಕಾರ ಬದಲಾಗುತ್ತಲೇ ಅವೇ ಶಾಲೆಗಳು ರಾಜ್ಯ ಮಂಡಳಿಗೆ ವಾಪಸು. ಎರಡು ಬಾರಿ ಪಠ್ಯ, ಎರಡು ಬಾರಿ ಮಂಡಳಿ ಬದಲಾಗುವಾಗ ನಡುವೆ ಸಿಕ್ಕಿಕೊಂಡ ಮಗುವಿಗೆ ಯಾವ ಪಟ್ಟಿಯಲ್ಲೂ ಜಾಗವಿಲ್ಲ. ನಾವೇನೂ ಕಡಿಮೆಯಲ್ಲ. 5 ಮತ್ತು 8ನೇ ತರಗತಿಗೆ ಮಂಡಳಿ ಪರೀಕ್ಷೆ ತಂದರೆ ಗುಣಮಟ್ಟ ಏರುತ್ತದೆಂದು ಹೊರಟು, ಆ ವಿಷಯ ಹೈಕೋರ್ಟ್‌ನ ಏಕಸದಸ್ಯ ಪೀಠ, ವಿಭಾಗೀಯ ಪೀಠ, ಸುಪ್ರೀಂ ಕೋರ್ಟ್ ಎಂದು ಅಲೆದು, ಹತ್ತು ವರ್ಷದ ಮಕ್ಕಳು ಪರೀಕ್ಷೆ ಇದೆಯೋ ಇಲ್ಲವೋ ತಿಳಿಯದೆ ಕೂತಿದ್ದರು. ಸುಲಭವಾಗಿ ಬಂದದ್ದೆಂದರೆ ವಾಟರ್ ಬೆಲ್. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯಲು ಗಂಟೆ ಬಾರಿಸಿದರು, ಅದೇ ವರ್ಷ ನಾವೂ ಬಾರಿಸಿದೆವು. ನೀರು ಕುಡಿಯುವುದು ಒಳ್ಳೆಯದೇ. ಆದರೆ ನೆರೆಯ ರಾಜ್ಯದಿಂದ ತಿಂಗಳೊಳಗೆ ತರಬಹುದಾದ ಸುಧಾರಣೆಗಳು ಸಾಮಾನ್ಯವಾಗಿ ಇಷ್ಟೇ ಗಾತ್ರದವು.

ತರಲಾಗದ್ದು ಏನು ಎಂಬುದರಲ್ಲೇ ಈ ವ್ಯತ್ಯಾಸದ ನಿಜವಾದ ಕಾರಣವಿದೆ. ಕೇರಳದ ಶಾಲೆಯ ಹಿಂದೆ ಎರಡು ಶತಮಾನಗಳಿವೆ. ಶಿಕ್ಷಣದ ಖರ್ಚು ರಾಜ್ಯದ್ದೆಂದು 1817ರಲ್ಲಿ ತಿರುವಾಂಕೂರಿನ ರಾಣಿ ಗೌರಿ ಪಾರ್ವತಿ ಬಾಯಿ ಹೊರಡಿಸಿದ ಆಜ್ಞೆ ಒಂದು. ದಲಿತ ಮಕ್ಕಳನ್ನು ಶಾಲೆಗೆ ಸೇರಿಸದಿದ್ದರೆ ಗದ್ದೆಗೆ ಇಳಿಯುವುದಿಲ್ಲ ಎಂದು ಕೂಲಿಕಾರರನ್ನು ಕೆಲಸ ಬಿಡಿಸಿ ನಿಲ್ಲಿಸಿದ ಅಯ್ಯನ್‌ಕಾಳಿ, ನಾರಾಯಣ ಗುರು, 1991ರ ಸಂಪೂರ್ಣ ಸಾಕ್ಷರತೆ ಇವೆಲ್ಲ ಸೇರಿ ಆದ ಶಾಲೆ ಅದು. ನಮ್ಮ ಕರಾವಳಿಯದೂ ಹಾಗೆಯೇ. ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಆದರೆ ಯಾದಗಿರಿಯ ಕನ್ನಡದ ಮಗುವಿಗೆ ನಿಜಾಮನ ಕಾಲದಲ್ಲಿ ಹೈಸ್ಕೂಲು ಎಂದರೆ ಉರ್ದು. ಕರ್ನಾಟಕಕ್ಕೆ ಸೇರಿದ್ದು 1956ರಲ್ಲಿ, ಜಿಲ್ಲೆಯಾದದ್ದು 2009ರ ಕೊನೆಯಲ್ಲಿ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88.57, ಯಾದಗಿರಿಯದು 51.83, ಅಲ್ಲಿನ ಹೆಂಗಸರದು 41ರ ಸುಮಾರು. ಆಗ ಅಕ್ಷರ ಬಾರದಿದ್ದ ಆ ತಾಯಂದಿರ ಮಕ್ಕಳೇ ಈಗ ಎಸ್ಸೆಸ್ಸೆಲ್ಸಿಗೆ ಕೂರುತ್ತಿರುವವರು. 2024ರಲ್ಲಿ ಅವರಲ್ಲಿ ಅರ್ಧದಷ್ಟು ಮಂದಿ ಕ್ಯಾಮೆರಾ ಎದುರು ಕೂತು ಪಾಸಾದರೆಂದರೆ, ನನ್ನ ದೃಷ್ಟಿಯಲ್ಲಿ ಅದು ಅದೇ ವರ್ಷದ ಉಡುಪಿಯ ಶೇ 94ಕ್ಕೆ ಯಾವ ರೀತಿಯಲ್ಲೂ ಕಡಿಮೆ ಸಾಧನೆಯಲ್ಲ.

ಇಷ್ಟು ಹೇಳಿದರೆ 'ಇತಿಹಾಸದ ನೆಪ ಹೇಳುತ್ತೀರಿ' ಎನ್ನುತ್ತಾರೆ. ಹಾಗಾದರೆ ವರ್ತಮಾನಕ್ಕೇ ಬರೋಣ. ಯಾದಗಿರಿ, ರಾಯಚೂರು ಕಡೆ ದಸರೆ ಕಳೆಯುತ್ತಿದ್ದಂತೆ ಹತ್ತಿ ಬಿಡಿಸುವ ಕಾಲ. ಗೂಡ್ಸ್ ಗಾಡಿಗಳಲ್ಲಿ ಬೆಳಿಗ್ಗೆ ಹೊಲಕ್ಕೆ ಹೋಗುವವರ ನಡುವೆ ಶಾಲೆಯ ಹುಡುಗಿಯರೂ ಇರುತ್ತಾರೆ. ಹತ್ತಿ ಮುಗಿದರೆ ಮೆಣಸಿನಕಾಯಿ. ದುಡಿಯಲು ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋದ ಮನೆಯ ಮಕ್ಕಳು ಯುಗಾದಿಗೆ ಬರುತ್ತಾರೆ. ಅಷ್ಟು ಹೊತ್ತಿಗೆ ಪೂರ್ವಸಿದ್ಧತಾ ಪರೀಕ್ಷೆ ಮುಗಿದಿರುತ್ತದೆ. ಶಾಲೆಯಲ್ಲಿ ಇರುವವರಿಗೂ ಗಣಿತಕ್ಕೆ, ಇಂಗ್ಲಿಷ್‌ಗೆ ಕಾಯಂ ಶಿಕ್ಷಕರಿಲ್ಲ. ಶಾಲೆ ಶುರುವಾಗಿ ವಾರಗಳ ಮೇಲೆ ಅತಿಥಿ ಶಿಕ್ಷಕರು ಬರುತ್ತಾರೆ, ಗೌರವಧನ ತಿಂಗಳಿಗೆ ಹನ್ನೆರಡು ಸಾವಿರದ ಆಸುಪಾಸು, ಅದೂ ತಿಂಗಳುಗಟ್ಟಲೆ ಬಾಕಿ. 2022ರಲ್ಲಿ ಕರೆದ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯಲ್ಲಿ 5,000 ಹುದ್ದೆ ಕಲ್ಯಾಣ ಕರ್ನಾಟಕಕ್ಕೇ ಇದ್ದವು. ವಿವಾಹಿತ ಮಹಿಳೆಯರು ಕೊಡಬೇಕಾದದ್ದು ತಂದೆಯ ಆದಾಯ ಪ್ರಮಾಣಪತ್ರವೋ, ಗಂಡನದೋ ಎಂಬ ತಕರಾರು ಕೋರ್ಟ್ ಹತ್ತಿ, ನೇಮಕಾತಿ ಆದೇಶ ಕೈಗೆ ಬರುವ ಹೊತ್ತಿಗೆ ಒಂದು ಇಡೀ ಶೈಕ್ಷಣಿಕ ವರ್ಷ ಕಳೆದುಹೋಗಿತ್ತು. ಕಳೆದದ್ದು ಮಕ್ಕಳ ವರ್ಷ. ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ಸಮಿತಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಹೆಸರು ಹಿಡಿದು ಹೇಳಿದ್ದು 2002ರಲ್ಲಿ. ಅವುಗಳಿಗೆ ಇಷ್ಟು ವರ್ಷಗಳಾದ ಮೇಲೂ ಮೇಷ್ಟ್ರನ್ನು ಕಳಿಸಲಾಗಿಲ್ಲ, ನೋಟಿಸ್ ಮಾತ್ರ ಆಯಾ ವರ್ಷವೇ ತಲುಪುತ್ತದೆ.

ಶಾಲೆಯೊಳಗೆ ಈ ಪಟ್ಟಿ ಏನು ಮಾಡುತ್ತದೆ ಎಂಬುದನ್ನು ನೋಡಬೇಕಾದರೆ ಜನವರಿಯ ನಂತರ ಯಾವುದೇ ಸರ್ಕಾರಿ ಪ್ರೌಢಶಾಲೆಗೆ ಹೋಗಿ. ಹತ್ತನೇ ತರಗತಿಯ ಮಕ್ಕಳನ್ನು ಅಂಕದ ಮೇಲೆ ಗುಂಪು ಮಾಡಿರುತ್ತಾರೆ. ಕೊನೆಯ ಗುಂಪಿನವರನ್ನು ಒಬ್ಬೊಬ್ಬ ಶಿಕ್ಷಕರಿಗೆ ಐದೋ ಆರೋ ಮಂದಿಯಂತೆ 'ದತ್ತು' ಕೊಟ್ಟಿರುತ್ತಾರೆ. ಬೆಳಗಿನ ಜಾವ ಫೋನ್ ಮಾಡಿ ಎಬ್ಬಿಸುವುದು ಆ ಶಿಕ್ಷಕರ ಕೆಲಸ. ಓದಿಸುವುದು 'ಪಾಸಿಂಗ್ ಪ್ಯಾಕೇಜ್'. ಸಮಾಜ ವಿಜ್ಞಾನಕ್ಕೆ ಭಾರತದ ನಕ್ಷೆ, ಬಿಡಿಸಿ ಸ್ಥಳ ಗುರುತಿಸಿದರೆ ಅಂಕ ಖಾತ್ರಿ. ವಿಜ್ಞಾನಕ್ಕೆ ಹೃದಯದ ಚಿತ್ರ, ಕಣ್ಣಿನ ಚಿತ್ರ, ವಿದ್ಯುತ್ ಮೋಟಾರಿನ ಚಿತ್ರ. ಕನ್ನಡಕ್ಕೆ ಒಂದು ಪತ್ರ, ಒಂದು ಗಾದೆಯ ವಿಸ್ತರಣೆ, ಒಂದು ಪದ್ಯ ಬಾಯಿಪಾಠ. ಗಣಿತಕ್ಕೆ ನಕ್ಷೆಯ ಲೆಕ್ಕ, ಬಹುಲಕ, ಥೇಲ್ಸ್‌ನ ಪ್ರಮೇಯ. ದತ್ತ, ಸಾಧನೀಯ, ರಚನೆ, ಸಾಧನೆ ಎಂದು ನಾಲ್ಕು ಸಾಲು ತಲೆಬರಹ ಹಾಕಿ ಹುಡುಗ ಆ ಪ್ರಮೇಯವನ್ನು ತಪ್ಪಿಲ್ಲದೆ ಬರೆದು ತೋರಿಸುತ್ತಾನೆ, ನಿಜಕ್ಕೂ ಚೆಂದದ ಕೈಬರಹ. 91ನ್ನು 7ರಿಂದ ಭಾಗಿಸು ಎಂದರೆ ಪೆನ್ನು ನಿಲ್ಲುತ್ತದೆ. ಭಾಗಾಕಾರ 4ನೇ ತರಗತಿಯ ಪಾಠ. ಆ ತರಗತಿಯಲ್ಲಿ ಅವನಿಗೆ ಇದ್ದದ್ದು ಐದು ತರಗತಿಗಳಿಗೆ ಇಬ್ಬರೇ ಶಿಕ್ಷಕರು. ಅದರ ಲೆಕ್ಕ ಕೇಳಲು ಆಗ ಯಾರಿಗೂ ಪುರುಸೊತ್ತಿರಲಿಲ್ಲ, 4ನೇ ತರಗತಿಗೆ ಜಿಲ್ಲಾವಾರು ರ‍್ಯಾಂಕ್ ಇಲ್ಲವಲ್ಲ. ಪ್ಯಾಕೇಜ್ ಮಾಡುವ ಶಿಕ್ಷಕರನ್ನು ನಾನು ದೂರುವುದಿಲ್ಲ. ಆ ಹಂತದಲ್ಲಿ ಆ ಹುಡುಗನಿಗೆ ಅದಕ್ಕಿಂತ ದೊಡ್ಡ ಉಪಕಾರ ಅವರಿಂದ ಆಗದು. ಆದರೆ ಹತ್ತು ವರ್ಷದ ಬಾಕಿಯನ್ನು ಹತ್ತು ವಾರದಲ್ಲಿ ಮುಚ್ಚಿಹಾಕುವ ಈ ಕೆಲಸವನ್ನೇ 'ಫಲಿತಾಂಶ ಸುಧಾರಣಾ ಕ್ರಿಯಾಯೋಜನೆ' ಎಂದು ಕರೆದು, ಅದರ ಯಶಸ್ಸನ್ನು ಅಳೆದು ಜಿಲ್ಲೆಗೆ ಸ್ಥಾನ ಕೊಡುತ್ತೇವೆ.

ಪಟ್ಟಿಯ ಪರವಾಗಿ ಇರುವ ಗಟ್ಟಿ ವಾದ ಒಂದೇ: ಅವಮಾನವಾಗದೆ ಸರ್ಕಾರಗಳು ಎಚ್ಚರಗೊಳ್ಳುವುದಿಲ್ಲ. ಇದರಲ್ಲಿ ತಥ್ಯವಿದೆ. ಆದರೆ ಅವಮಾನ ಯಾರಿಗಾಗುತ್ತಿದೆ ನೋಡಿ. ಫಲಿತಾಂಶ ಕಡಿಮೆಯಾದರೆ ಕಾರಣ ಕೇಳಿ ನೋಟಿಸ್ ಬರುವುದು ಮುಖ್ಯೋಪಾಧ್ಯಾಯರಿಗೆ, ವಿಷಯ ಶಿಕ್ಷಕರಿಗೆ. ಹುದ್ದೆ ತುಂಬಲು ಅನುಮತಿ ಕೊಡದ ಹಣಕಾಸು ಇಲಾಖೆಗೆ ಯಾರೂ ನೋಟಿಸ್ ಕೊಡುವುದಿಲ್ಲ. 2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಶಿಕ್ಷಕರನ್ನು ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಅಲೆಯಲು ಕಳಿಸಿ, ಅದು ಮುಗಿಯಲಿಲ್ಲವೆಂದು ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದವರು ಫಲಿತಾಂಶದ ದಿನ ವೇದಿಕೆಯ ಮೇಲೆ ಕೂತು ಕಳಪೆ ಜಿಲ್ಲೆಗಳ ಹೆಸರು ಓದುತ್ತಾರೆ. ಅವಮಾನ ಮೇಲಕ್ಕೆ ಹತ್ತುವುದಿಲ್ಲ, ಕೆಳಕ್ಕೆ ಇಳಿಯುತ್ತದೆ. ಕೆಳಗಿನವರು ಅದರಿಂದ ಪಾರಾಗುವ ದಾರಿ ಹುಡುಕುತ್ತಾರೆ. ಕ್ಯಾಮೆರಾ ಇಲ್ಲದಿದ್ದಾಗ ಏನು ನಡೆಯುತ್ತಿತ್ತು ಎಂಬುದನ್ನು 2023ರ ಮತ್ತು 2024ರ ಅಂಕಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಊಹಿಸಬಹುದು. ಮೇಲಿನವರಿಗೂ ಒಂದು ದಾರಿ ಇದೆ, ಪಾಸಾಗುವ ಗೆರೆಯನ್ನೇ ಇಳಿಸುವುದು. ಅದೂ ಆಯಿತು. 2025-26ರ ಸಾಲಿಗೆ ಉತ್ತೀರ್ಣಾಂಕ 35ರಿಂದ 33ಕ್ಕೆ ಇಳಿಯಿತು, 625ಕ್ಕೆ 206 ಬಂದರೆ ಸಾಕು. ಕೊಟ್ಟ ಸಮರ್ಥನೆ ಏನು? ಸಿಬಿಎಸ್‌ಇಯಲ್ಲಿ, ಬೇರೆ ರಾಜ್ಯಗಳಲ್ಲಿ ಹಾಗಿದೆ ಎಂಬುದೇ. ರಾಜ್ಯ-ರಾಜ್ಯಗಳ ಹೋಲಿಕೆಯಿಂದ ನಮಗೆ ಕಡೆಗೂ ದಕ್ಕಿದ ಸುಧಾರಣೆ ಇದು.

ಒಂದು ರಾಜ್ಯ ಇನ್ನೊಂದರಿಂದ ಏನನ್ನೂ ಕಲಿಯಲಾರದು ಎಂದೇನೂ ನಾನು ವಾದಿಸುತ್ತಿಲ್ಲ. ಬಿಸಿಯೂಟ ನಮಗೆ ಬಂದದ್ದು ತಮಿಳುನಾಡಿನ ದಾರಿಯಿಂದ. ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಆದೇಶ ಕೊಟ್ಟಿತು, 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದದ್ದು ಹಿಂದುಳಿದ ಈಶಾನ್ಯ ಭಾಗದ 7 ಜಿಲ್ಲೆಗಳಲ್ಲಿ. ರ‍್ಯಾಂಕ್‌ನಲ್ಲಿ ಮೇಲೇರಲು ಮಾಡಿದ ಕೆಲಸ ಅದಾಗಿರಲಿಲ್ಲ. ಹಣ ಇತ್ತು, ಕೋರ್ಟಿನ ಭಯ ಇತ್ತು, ಮಗುವಿನ ಹಸಿವು ಎಲ್ಲ ಜಿಲ್ಲೆಯಲ್ಲೂ ಒಂದೇ ಆಗಿತ್ತು. ಚಟುವಟಿಕೆ, ಕಾರ್ಡುಗಳ ಮೂಲಕ ಕಲಿಸುವ ನಲಿ-ಕಲಿಯೂ ಹೊರಗಿನದೇ. ಆಂಧ್ರದ ರಿಷಿ ವ್ಯಾಲಿಯ ಪದ್ಧತಿಯನ್ನು 1995ರ ಸುಮಾರಿಗೆ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಅಲ್ಲಿಗೇ ಹೋಗಿ ನೋಡಿ, ತಿರುಗಿ ಬಂದು ಕಾರ್ಡುಗಳನ್ನು ತಾವೇ ಬರೆದರು, ತಮ್ಮ ಕಾಡಂಚಿನ ಹಾಡಿಗಳ ಮಕ್ಕಳಿಗೆ ಹೊಂದುವಂತೆ ತಿದ್ದಿದರು. ಅದು ಬೇರೂರಿತು. ಅದೇ ನಲಿ-ಕಲಿ 2009-10ರಲ್ಲಿ ಸುತ್ತೋಲೆಯ ಮೂಲಕ ಇಡೀ ರಾಜ್ಯಕ್ಕೆ ಬಂದಾಗ ಬಹಳ ಕಡೆ ಅದು ಒಂದು ಕಿಟ್ ಆಯಿತು, ಗೋಡೆಗೆ ಕಟ್ಟಿದ ದಾರಕ್ಕೆ ಜೋತುಬಿದ್ದ ಕಾರ್ಡುಗಳ ಸಾಲಾಯಿತು. ಒಂದೇ ರಾಜ್ಯದೊಳಗೆ, ಒಂದೇ ಪದ್ಧತಿಗೆ, ಹದಿನೈದು ವರ್ಷದಲ್ಲಿ ಎರಡು ಗತಿ. ಮೊದಲನೆಯ ಸಲ ಹೋಗಿ ನೋಡಿದ್ದು ಪಾಠ ಮಾಡುವವರು, ಎರಡನೆಯ ಸಲ ಸಹಿ ಹಾಕಿದ್ದು ಪಾಠ ಮಾಡದವರು.

ಹೋಲಿಸಲೇಬೇಕೆಂದರೆ ಹೋಲಿಸೋಣ, ಆದರೆ ಒಂದೇ ಮಗುವನ್ನು ಅದೇ ಮಗುವಿನ ಜೊತೆ. 3ನೇ ತರಗತಿಯಲ್ಲಿ ಯಾದಗಿರಿಯ ಶಹಾಪುರದ ಹುಡುಗಿ ಎಲ್ಲಿದ್ದಳು, 5ನೇ ತರಗತಿಗೆ ಎಲ್ಲಿ ಬಂದಳು. ಇಲಾಖೆಯ ಕೈಯಿಂದ ಈ ಪರೀಕ್ಷೆಯನ್ನು ಬಿಡಿಸಿ ಹೊರಗಿನವರಿಗೆ ಕೊಡಬೇಕು. ಆಂಧ್ರದಲ್ಲಿ ಕಾಗದದ ಬದಲು ಟ್ಯಾಬ್ಲೆಟ್‌ನಲ್ಲಿ ಪರೀಕ್ಷೆ ಮಾಡಿ ನೋಡಿದಾಗ ಉಬ್ಬಿದ ಅಂಕಗಳು ಬಹಳ ಮಟ್ಟಿಗೆ ಇಳಿದದ್ದು ದಾಖಲಾಗಿದೆ, ಹಾಗಾಗಿ ಇದು ಆಗದ ಕೆಲಸವೇನಲ್ಲ. ಮೇ ತಿಂಗಳ ಜಿಲ್ಲಾವಾರು ಪಟ್ಟಿಯನ್ನೂ ಪೂರ್ತಿ ಕೈಬಿಡಬೇಕಿಲ್ಲ. ಅದರಲ್ಲಿ ಶೇಕಡಾವಾರಿನ ಪಕ್ಕ ಇನ್ನೆರಡು ಕಾಲಂ ಹಾಕಿದರೆ ಸಾಕು. ಒಂದು, ಆ ಜಿಲ್ಲೆಯಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಹುದ್ದೆಗಳು ಎಷ್ಟು ತಿಂಗಳಿಂದ ಖಾಲಿ ಇವೆ ಎಂಬುದು. ಇನ್ನೊಂದು, ಎರಡು ವರ್ಷದ ಹಿಂದೆ 8ನೇ ತರಗತಿಯಲ್ಲಿದ್ದವರಲ್ಲಿ ಎಷ್ಟು ಮಂದಿ ಈ ಪರೀಕ್ಷೆಗೆ ಕೂರಲೇ ಇಲ್ಲ ಎಂಬುದು. ಎರಡೂ ಮಾಹಿತಿ ಇಲಾಖೆಯ ಕಂಪ್ಯೂಟರ್‌ಗಳಲ್ಲಿ ಇವತ್ತೇ ಇದೆ. ಮಕ್ಕಳದ್ದು ಎಸ್‌ಎಟಿಎಸ್ ಎಂಬ ವಿದ್ಯಾರ್ಥಿ ದತ್ತಾಂಶ ವ್ಯವಸ್ಥೆಯಲ್ಲಿ, ಹುದ್ದೆಗಳದ್ದು ಸಿಬ್ಬಂದಿ ಕಡತದಲ್ಲಿ. ಅದೇ ಹಾಳೆಯಲ್ಲಿ ಮುದ್ರಿಸಲು ಹೊಸ ಕಾನೂನು ಬೇಕಿಲ್ಲ, ಕೇರಳಕ್ಕೆ ಅಧ್ಯಯನ ಪ್ರವಾಸವೂ ಬೇಕಿಲ್ಲ.